ದಿನ ತುಂಬುವ ಲೆಕ್ಕ

ನಮ್ಮ ಅವ್ವ ಓದಿದ್ದು ನಾಲ್ಕನೇ ಇಯತ್ತೆಯವರೆಗೆ ಮಾತ್ರ. ಆದರೆ ಲೆಕ್ಕದಲ್ಲಿ ಅವಳನ್ನು ಮೀರಿಸುವವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಅಡಿಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರೇ ಅವಳ ಲೆಕ್ಕದ ಪುಸ್ತಕ. ಹಾಲಿನವನ ಲೆಕ್ಕ, ಗಿರಣಿಗೆ ಕಳಿಸಿದ ಜೋಳದ ಲೆಕ್ಕ, ಆಕಳು ಕಟ್ಟಿದ ದಿನ, ಎಲ್ಲವೂ ಅದರ ಮೇಲೆ ಪೆನ್ಸಿಲ್ಲಿನಲ್ಲಿ ಇರುತ್ತಿದ್ದವು. ಅವುಗಳ ನಡುವೆ ಕೆಲವು ದಿನಗಳ ಮೂಲೆಯಲ್ಲಿ ಸಣ್ಣದೊಂದು ಗುಣಾಕಾರದ ಗುರುತು, ಇನ್ನು ಕೆಲವು ದಿನಗಳ ಮೂಲೆಯಲ್ಲಿ ಒಂದು ಸೊನ್ನೆ. ಏನೆಂದು ಬರೆದಿರುತ್ತಿರಲಿಲ್ಲ. ಗುಣಾಕಾರ ನನ್ನದು, ಸೊನ್ನೆ ನನ್ನ ತಂಗಿಯದು. ನಾವು ಹೊರಗಾದ ದಿನಗಳವು. ಮನೆಯ ಗಂಡಸರು ದಿನವೂ ಆ ಕ್ಯಾಲೆಂಡರನ್ನು ನೋಡುತ್ತಿದ್ದರು, ಯಾರಿಗೂ ತಿಳಿಯುತ್ತಿರಲಿಲ್ಲ. ನನಗಂತೂ ಆ ಗುರುತುಗಳನ್ನು ಕಂಡರೆ ನಾಚಿಕೆ. ಅಳಿಸಿ ಹಾಕೆಂದು ಅವ್ವನ ಕೂಡ ಜಗಳ ಮಾಡಿದ್ದೂ ಉಂಟು.

ಆ ಗುರುತಿನ ಬೆಲೆ ನನಗೆ ಗೊತ್ತಾದದ್ದು ಮದುವೆಯಾಗಿ, ನೌಕರಿ ಹಿಡಿದು, ಮೊದಲ ಸಲ ಬಸುರಿಯಾದಾಗ. ನಾನು ಕೊನೆಯ ಸಲ ಹೊರಗಾದದ್ದು 1996ರ ಜೂನ್ 10ರಂದು. ಕುಬಸ ಮುಗಿಸಿಕೊಂಡು ತವರಿಗೆ ಬಂದೆ. ಆಗಿನ್ನೂ ಧಾರವಾಡ ಜಿಲ್ಲೆಗೇ ಸೇರಿದ್ದ ಹಾವೇರಿಯ ಸಮೀಪದ ಊರು ನಮ್ಮದು. ಬಂದ ಮರುದಿನವೇ ಹೆಂಗಸರ ಲೆಕ್ಕ ಸುರುವಾಯಿತು. "ಕಾರ ಹುಣ್ಣಿವಿ ಆಗಿ ಒಂಬತ್ತನೇ ದಿನ" ಎಂದು ಅವ್ವ ಹೇಳಿದಳು. ಪಕ್ಕದ ಮನೆಯ ಅಜ್ಜಿ ಬೆರಳು ಮಡಚುತ್ತ ಆಷಾಢ, ಶ್ರಾವಣ, ಭಾದ್ರಪದ ಎಂದು ಎಣಿಸಿ, ಯುಗಾದಿಯ ಹೊತ್ತಿಗೆ ಕೂಸು ಬರುತ್ತದೆ ಎಂದಳು. ಅವ್ವ ಒಪ್ಪಲಿಲ್ಲ. "ಈ ವರ್ಷ ಆಷಾಢ ಎರಡು ಬಂದಾವು ಅತ್ತೀ, ಅಧಿಕ ಮಾಸ ಬಿಟ್ಟು ಎಣಿಸಿದರ ಹ್ಯಾಂಗ? ಹೊಟ್ಟ್ಯಾಗಿನ ಕೂಸಿಗೆ ಅಧಿಕ ಮಾಸ ಅಂತ ಬ್ಯಾರೆ ಇರತದೇನು?" ಎಂದು ಕೇಳಿದಳು. ಅವಳ ಪ್ರಕಾರ ಹೋಳಿ ಹುಣ್ಣಿಮೆಯ ಆಚೀಚೆ.

ಪಟ್ಟಣದ ಖಾಸಗಿ ಆಸ್ಪತ್ರೆಯಲ್ಲಿ ಲೆಕ್ಕ ಬೇರೆ ಇತ್ತು. ಅಲ್ಲಿಯ ಡಾಕ್ಟರರ ಮೇಜಿನ ಮೇಲೆ ಒಂದು ರಟ್ಟಿನ ಚಕ್ರ ಇತ್ತು. ದೊಡ್ಡ ಬಿಲ್ಲೆಯ ಮೇಲೆ ಸಣ್ಣ ಬಿಲ್ಲೆ. ಅವರು "ಕೊನೆಯ ಮುಟ್ಟು ಯಾವತ್ತು?" ಎಂದು ಕೇಳಿದರು. ಹೇಳಿದೆ. ಚಕ್ರ ತಿರುಗಿಸಿ ಬಾಣದ ಗುರುತು ನಿಂತ ಕಡೆ ನೋಡಿ, ಚೀಟಿಯ ಮೇಲೆ "17.3.97" ಎಂದು ಬರೆದರು. ಅರ್ಧ ನಿಮಿಷದ ಕೆಲಸ. ಇಷ್ಟು ಸುಲಭವಾಗಿ ನನ್ನ ಮಗುವಿನ ಹುಟ್ಟಿದ ದಿನ ತಿಳಿದುಬಿಟ್ಟಿತಲ್ಲ ಎಂದು ನನಗೆ ಬೆರಗಾಯಿತು. ಓದಿದವಳಲ್ಲವೇ, ಹೋಳಿ ಹುಣ್ಣಿಮೆಗಿಂತ ಆ ಚೀಟಿಯ ಮೇಲೆಯೇ ನನಗೆ ಹೆಚ್ಚು ನಂಬಿಕೆ.

ಮಾರ್ಚ್ 17 ಬಂತು, ಹೋಯಿತು. ನೋವಿನ ಸುಳಿವೇ ಇಲ್ಲ. 19ಕ್ಕೆ ಆಸ್ಪತ್ರೆಗೆ ಹೋದಾಗ, ದಿನ ಮೀರಿದೆ, ನಾಳೆ ಬಂದು ಸೇರಿಬಿಡಿ, ಡ್ರಿಪ್ ಹಚ್ಚಿ ನೋವು ಬರಿಸೋಣ, ಆಗದಿದ್ದರೆ ಆಪರೇಶನ್ ಎಂದರು. ನನ್ನ ಕೈಕಾಲು ತಣ್ಣಗಾದವು. ಆಗ ಅಲ್ಲಿಯವರೆಗೆ ಮೂಲೆಯಲ್ಲಿ ಚೀಲ ಹಿಡಿದು ನಿಂತಿದ್ದ ಅವ್ವ ಮುಂದೆ ಬಂದಳು. "ಬಾಯಾರ, ತಪ್ಪು ತಿಳೀಬ್ಯಾಡ್ರಿ. ಎಲ್ಲಾರಿಗೂ ಇಪ್ಪತ್ತೆಂಟು ದಿನಕ್ಕ ಬಂದರ ಇಕಿಗೆ ಮೂವತ್ತೈದು ದಿನಕ್ಕ ಬರತಿತ್ರಿ. ಸಣ್ಣಾಕಿ ಇದ್ದಾಗಿಂದ ನಾನು ಬರದಿಟ್ಟೀನ್ರಿ. ತಿಂಗಳಾ ವಾರ ತಡಾ ಮಾಡಾಕಿ ಕೂಸಿಗೂ ಒಂದು ವಾರ ತಡಾ ಮಾಡತಾಳ್ರಿ" ಎಂದಳು.

ಡಾಕ್ಟರು ನಗಲಿಲ್ಲ, ಅದೇ ನನ್ನ ಪುಣ್ಯ. ಒಂದು ಗಳಿಗೆ ಸುಮ್ಮನಿದ್ದು, "ಇದನ್ನು ಮೊದಲೇ ಯಾಕೆ ಹೇಳಲಿಲ್ಲ?" ಎಂದು ನನ್ನನ್ನು ಕೇಳಿದರು. ಯಾರೂ ಕೇಳಿರಲಿಲ್ಲ, ಅದಕ್ಕೆ ಹೇಳಿರಲಿಲ್ಲ. ಕೊನೆಗೆ ಅವರು, ದಿನವೂ ಬಂದು ಮಗುವಿನ ಎದೆಬಡಿತ ತೋರಿಸಿಕೊಂಡು ಹೋಗುವುದಾದರೆ ಒಂದು ವಾರ ಕಾಯೋಣ ಎಂದರು. ಅವ್ವ ಒಂದು ದಿನವೂ ತಪ್ಪಿಸಲಿಲ್ಲ. ಹೋಳಿ ಹುಣ್ಣಿಮೆ ಕಳೆದು, ಮಾರ್ಚ್ 26ರ ಬೆಳಗಿನ ಜಾವ ನನ್ನ ಮಗಳು ತಾನಾಗಿಯೇ ಹುಟ್ಟಿದಳು.

ನಾನು ವಿಜ್ಞಾನ ಓದಿದವಳಲ್ಲ. ಶಾಲೆಯಲ್ಲಿ ಇತಿಹಾಸ ಕಲಿಸುವವಳು. ರಾಜರ ಪಟ್ಟಾಭಿಷೇಕ, ಯುದ್ಧ, ಒಪ್ಪಂದಗಳ ಇಸವಿಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತ ಮೂವತ್ತು ವರ್ಷ ಕಳೆದೆ. ಆದರೆ ಆ ರಟ್ಟಿನ ಚಕ್ರ ಮನಸ್ಸಿನಿಂದ ಹೋಗಲಿಲ್ಲ. ಅದನ್ನು ಮಾಡಿದವರು ಯಾರು? ಎಲ್ಲ ಹೆಂಗಸರಿಗೂ ಒಂದೇ ಲೆಕ್ಕ ಎಂದು ಯಾವಾಗ ತೀರ್ಮಾನವಾಯಿತು? ಅವಕಾಶ ಸಿಕ್ಕಾಗಲೆಲ್ಲ ಹುಡುಕಿ ಓದಿದೆ. ತಿಳಿದದ್ದನ್ನು ನನ್ನಂಥ ತಾಯಂದಿರಿಗೆ ಹೇಳಬೇಕೆನಿಸಿದೆ.

ಆ ಚಕ್ರದ ಹಿಂದಿರುವ ಸೂತ್ರಕ್ಕೆ ನೇಗಲೆ ಸೂತ್ರ ಎಂದು ಹೆಸರು. ಫ್ರಾಂಟ್ಸ್ ಕಾರ್ಲ್ ನೇಗಲೆ ಜರ್ಮನಿಯವನು, 1778ರಲ್ಲಿ ಹುಟ್ಟಿ 1851ರಲ್ಲಿ ತೀರಿಕೊಂಡವನು. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಸೂತಿ ವಿದ್ಯೆಯ ಪ್ರಾಧ್ಯಾಪಕ. 1830ರಲ್ಲಿ ಅವನು ಸೂಲಗಿತ್ತಿಯರಿಗಾಗಿ ಒಂದು ಪಠ್ಯಪುಸ್ತಕ ಬರೆದ. ಹೆರಿಗೆಯ ದಿನ ತಿಳಿಯುವ ಸುಲಭ ಲೆಕ್ಕವನ್ನು ಅದರಲ್ಲಿ ಕೊಟ್ಟ. ಮುಟ್ಟಿನ ದಿನಕ್ಕೆ ಏಳು ದಿನ ಕೂಡಿಸಿ, ಅಲ್ಲಿಂದ ಒಂಬತ್ತು ತಿಂಗಳು ಎಣಿಸುವುದು. ಜೂನ್ 10ಕ್ಕೆ ಏಳು ಕೂಡಿಸಿದರೆ 17, ಅಲ್ಲಿಂದ ಒಂಬತ್ತು ತಿಂಗಳಿಗೆ ಮಾರ್ಚ್ 17. ನನ್ನ ಚೀಟಿಯ ಮೇಲೆ ಬಂದದ್ದು ಇದೇ.

ಸೂತ್ರ ಅವನ ಹೆಸರಿನಲ್ಲಿದ್ದರೂ ಲೆಕ್ಕ ಅವನದಲ್ಲ. ಅದಕ್ಕೂ ಹಿಂದಿನ ಡಚ್ ವೈದ್ಯ ಹರ್ಮನ್ ಬೋರ್ಹಾವೆಯದು. ಹಾಲೆಂಡಿನ ಲೈಡನ್ನಿನಲ್ಲಿ ಪಾಠ ಹೇಳುತ್ತಿದ್ದ ಈ ಪ್ರಸಿದ್ಧ ವೈದ್ಯ 1738ರಲ್ಲಿ ತೀರಿಕೊಂಡ. ಅವನ ಪಾಠಗಳು 1744ರಲ್ಲಿ ಅಚ್ಚಾದವು. ಹೆಚ್ಚಿನ ಹೆಂಗಸರು ಮುಟ್ಟಾದ ಮೇಲಿನ ವಾರದಲ್ಲಿ ಗರ್ಭ ಧರಿಸುತ್ತಾರೆ, ಆದ್ದರಿಂದ ಆ ಒಂದು ವಾರ ಬಿಟ್ಟು ಒಂಬತ್ತು ತಿಂಗಳು ಎಣಿಸಿದರೆ ಹೆರಿಗೆಯ ಕಾಲ ಸಿಗುತ್ತದೆ ಎಂಬುದು ಅವನ ವಿಚಾರ. ಆ ವಾರವನ್ನು ಮುಟ್ಟಿನ ಮೊದಲ ದಿನದಿಂದ ಎಣಿಸಬೇಕೋ ಕೊನೆಯ ದಿನದಿಂದಲೋ ಎಂದು ಬೋರ್ಹಾವೆಯೂ ಬಿಡಿಸಿ ಹೇಳಲಿಲ್ಲ, ನೇಗಲೆಯೂ ಹೇಳಲಿಲ್ಲ. ಮೊದಲ ದಿನ ಎಂದು ಗಟ್ಟಿಯಾಗಿ ಊರಿದ್ದು ಇಪ್ಪತ್ತನೆಯ ಶತಮಾನದ ಪಠ್ಯಪುಸ್ತಕಗಳಲ್ಲಿ. ಬರೀ ಇದೊಂದರಿಂದಲೇ ನಾಲ್ಕೈದು ದಿನ ಹೆಚ್ಚು ಕಡಿಮೆಯಾಗುತ್ತದೆ.

ಸೂತ್ರವನ್ನು ಕಾಗದದ ಮೇಲೆ ಹಾಕಿ ನೋಡಿ ನನಗೆ ನಗು ಬಂತು. 280 ದಿನ ಎಂದು ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ತಿಂಗಳುಗಳಲ್ಲಿ ಕೆಲವಕ್ಕೆ ಮೂವತ್ತು, ಕೆಲವಕ್ಕೆ ಮೂವತ್ತೊಂದು, ಫೆಬ್ರುವರಿಗೆ ಇಪ್ಪತ್ತೆಂಟು. ಜೂನ್ 10ರಿಂದ ಎಣಿಸಿದರೆ ಸರಿಯಾಗಿ 280 ದಿನ ಬರುತ್ತದೆ, ಮೇ 10ರಿಂದ ಎಣಿಸಿದರೆ 283. ಯಾವ ತಿಂಗಳಲ್ಲಿ ಮುಟ್ಟು ನಿಂತಿತು ಎಂಬುದರ ಮೇಲೆ ಬಸುರಿನ ಅವಧಿಯೇ ಮೂರು ದಿನ ಬದಲಾಗಿಬಿಡುತ್ತದೆ! ಅಧಿಕ ಮಾಸ ಮರೆತ ಪಕ್ಕದ ಮನೆಯ ಅಜ್ಜಿಯನ್ನು ನಾವು ಯಾಕೆ ನಗಬೇಕು?

ಇದು ಸಣ್ಣ ತಪ್ಪು. ದೊಡ್ಡ ತಪ್ಪು ಬೇರೆ ಇದೆ. ಬೋರ್ಹಾವೆಯ ಕಾಲದಲ್ಲಾಗಲಿ ನೇಗಲೆ ಪುಸ್ತಕ ಬರೆದ ಕಾಲದಲ್ಲಾಗಲಿ, ಹೆಣ್ಣಿನ ಅಂಡಾಶಯದಿಂದ ಅಂಡ ಬಿಡುಗಡೆಯಾಗುವುದು ತಿಂಗಳ ಯಾವ ದಿನ ಎಂದು ಯಾರಿಗೂ ಗೊತ್ತಿರಲಿಲ್ಲ. ಅದು ತಿಳಿಯಲು ಇನ್ನೂ ನೂರು ವರ್ಷ ಬೇಕಾಯಿತು. ಜಪಾನಿನ ನೀಗಾತಾ ಊರಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಕ್ಯೂಸಾಕು ಓಗಿನೋ ಎಂಬ ವೈದ್ಯ ತನ್ನ ಸಂಶೋಧನೆಯನ್ನು 1924ರಲ್ಲಿ ಪ್ರಕಟಿಸಿದ. ಎಲ್ಲರೂ ಆದ ಮುಟ್ಟಿನಿಂದ ಮುಂದಕ್ಕೆ ಎಣಿಸುತ್ತಿದ್ದರೆ, ಓಗಿನೋ ಮುಂದೆ ಬರುವ ಮುಟ್ಟಿನಿಂದ ಹಿಂದಕ್ಕೆ ಎಣಿಸಿದ. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ 12ರಿಂದ 16 ದಿನ ಮೊದಲು ಎಂದು ಅವನಿಗೆ ಹೊಳೆಯಿತು. ಕೆಲವು ವರ್ಷಗಳಲ್ಲಿ ಆಸ್ಟ್ರಿಯಾದ ಹರ್ಮನ್ ಕ್ನಾಸ್ ತನ್ನದೇ ದಾರಿಯಲ್ಲಿ ಇಂಥದೇ ಮಾತಿಗೆ ಬಂದು ಮುಟ್ಟಿದ.

ಇದರಿಂದ ಏನಾಯಿತು ನೋಡಿ. ಇಪ್ಪತ್ತೆಂಟು ದಿನಕ್ಕೊಮ್ಮೆ ಮುಟ್ಟಾಗುವವಳಿಗೆ ಸುಮಾರು ಹದಿನಾಲ್ಕನೆಯ ದಿನ ಅಂಡ ಬಿಡುಗಡೆಯಾದರೆ, ಮೂವತ್ತೈದು ದಿನಕ್ಕೊಮ್ಮೆ ಆಗುವವಳಿಗೆ ಅದು ಸುಮಾರು ಇಪ್ಪತ್ತೊಂದನೆಯ ದಿನ. ಗರ್ಭ ನಿಲ್ಲುವುದೇ ಒಂದು ವಾರ ತಡ, ಹಾಗಾದಮೇಲೆ ದಿನ ತುಂಬುವುದೂ ಒಂದು ವಾರ ತಡ. ಇಪ್ಪತ್ತುಮೂರು ದಿನಕ್ಕೇ ಆಗುವವಳಿಗೆ ಐದು ದಿನ ಮುಂಚೆ. ನೇಗಲೆಯ ಸೂತ್ರ ಇಪ್ಪತ್ತೆಂಟು ದಿನದ ಹೆಣ್ಣಿಗೆ ಹೊಂದುವಂಥದು. ಉಳಿದವರು ಅದರಲ್ಲಿ ಕೂರುವುದಿಲ್ಲ. ಕೊನೆಯ ಮುಟ್ಟು ಯಾವತ್ತು ಎಂಬ ಮೊದಲ ಪ್ರಶ್ನೆ ಚಕ್ರದ ಮೇಲೆ ಅಚ್ಚಾಯಿತು. ಎಷ್ಟು ದಿನಕ್ಕೊಮ್ಮೆ ಆಗುತ್ತದೆ ಎಂಬ ಎರಡನೆಯ ಪ್ರಶ್ನೆಗೆ ಅದರ ಮೇಲೆ ಜಾಗವಿರಲಿಲ್ಲ.

2007ರಲ್ಲಿ ಪಾರಿಖ್ ಎಂಬ ಭಾರತೀಯ ವೈದ್ಯರು ಈ ಎರಡನೆಯ ಪ್ರಶ್ನೆಯನ್ನು ಸೂತ್ರದೊಳಗೇ ಸೇರಿಸಿ ಪ್ರಕಟಿಸಿದರು. ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಕೂಡಿಸಿ, ನಿಮ್ಮ ಮುಟ್ಟು ಎಷ್ಟು ದಿನಕ್ಕೊಮ್ಮೆಯೋ ಅಷ್ಟು ದಿನ ಸೇರಿಸಿ, ಅದರಿಂದ 21 ಕಳೆಯಿರಿ. ನನ್ನ ಜೂನ್ 10ಕ್ಕೆ ಒಂಬತ್ತು ತಿಂಗಳು ಕೂಡಿಸಿದರೆ ಮಾರ್ಚ್ 10. ಅದಕ್ಕೆ 35 ಕೂಡಿಸಿ 21 ಕಳೆದರೆ ಮಾರ್ಚ್ 24. ಆ ವರ್ಷದ ಹೋಳಿ ಹುಣ್ಣಿಮೆ ಬಂದದ್ದು ಅದರ ಆಸುಪಾಸಿನಲ್ಲೇ. ಇದನ್ನು ಓದಿದ ದಿನ ನಾನು ಬಹಳ ಹೊತ್ತು ಅವ್ವನ ಫೋಟೋ ನೋಡುತ್ತ ಕೂತೆ. ಹತ್ತು ವರ್ಷ ಮೊದಲೇ ಅವಳು ಆಸ್ಪತ್ರೆಯಲ್ಲಿ ಚೀಲ ಹಿಡಿದು ನಿಂತು ಹೇಳಿದ್ದು ಇದನ್ನೇ.

ಹಳೆಯ ಕಾಲದವರಿಗೆ ಎಲ್ಲವೂ ಗೊತ್ತಿತ್ತು ಎಂದು ನಾನು ಹೇಳುವುದಿಲ್ಲ. ಸುಶ್ರುತ ಸಂಹಿತೆ ಗರ್ಭ ನಿಲ್ಲುವ ಕಾಲ ಹನ್ನೆರಡು ರಾತ್ರಿ ಎನ್ನುತ್ತದೆ, ಆಮೇಲೆ ಸಂಜೆಯ ತಾವರೆಯಂತೆ ಗರ್ಭ ಮುಚ್ಚಿಕೊಳ್ಳುತ್ತದೆ ಎನ್ನುತ್ತದೆ. ಇಂದಿನ ತಿಳಿವಳಿಕೆಗೆ ಅದು ಸರಿಹೋಗುವುದಿಲ್ಲ. ಆದರೆ ಹೆರಿಗೆಯ ವಿಷಯಕ್ಕೆ ಬಂದಾಗ ಅದೇ ಗ್ರಂಥ ಒಂದು ದಿನ ಗೊತ್ತುಮಾಡಲು ಹೋಗುವುದಿಲ್ಲ. ಒಂಬತ್ತರಿಂದ ಹನ್ನೆರಡರವರೆಗಿನ ತಿಂಗಳುಗಳನ್ನು ಹೇಳಿ ಬಿಡುತ್ತದೆ. ಋಗ್ವೇದ ಹತ್ತು ತಿಂಗಳ ಮಾತನಾಡುತ್ತದೆ. ಚಂದ್ರನ ತಿಂಗಳು ಇಪ್ಪತ್ತೊಂಬತ್ತೂವರೆ ದಿನ. 280 ದಿನವೆಂದರೆ ಅಂಥ ಒಂಬತ್ತೂವರೆ ತಿಂಗಳು, ಹತ್ತನೆಯದು ನಡೆದಿರುತ್ತದೆ. ನಮ್ಮ ಹೆಂಗಸರ ಬಾಯಲ್ಲಿರುವ ಒಂಬತ್ತು ತಿಂಗಳು ಒಂಬತ್ತು ದಿನ ಎಂಬುದೂ ದೂರವೇನಲ್ಲ.

ಸೂಲಗಿತ್ತಿಯರು ಬರೀ ತಿಥಿ ಎಣಿಸಿ ಸುಮ್ಮನಾಗುತ್ತಿರಲಿಲ್ಲ. ಕೂಸು ಮೊದಲು ಮಿಸುಕಾಡಿದ್ದು ಯಾವಾಗ ಎಂದು ಕೇಳುತ್ತಿದ್ದರು. ಚೊಚ್ಚಲಿಗೆ ಸಾಮಾನ್ಯವಾಗಿ ಐದನೆಯ ತಿಂಗಳಲ್ಲಿ ಅದು ತಿಳಿಯುತ್ತದೆ, ಎರಡನೆಯದಕ್ಕೆ ಇನ್ನೂ ಸ್ವಲ್ಪ ಮುಂಚೆ. ಹೊಟ್ಟೆ ಹೊಕ್ಕಳಿನ ಮಟ್ಟಕ್ಕೆ ಬಂತೇ, ಮೇಲೇರಿತೇ ಎಂದು ಬೆರಳಿಟ್ಟು ನೋಡುತ್ತಿದ್ದರು. ಇಪ್ಪತ್ತು ವಾರಕ್ಕೆ ಗರ್ಭ ಹೊಕ್ಕಳಿನ ಸುತ್ತ ಬರುತ್ತದೆ ಎಂದು ವೈದ್ಯರೂ ಹೇಳುತ್ತಾರೆ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅಕ್ಷರ ಕಲಿಯದ, ಸಾವಿರಾರು ಹೆರಿಗೆಗಳನ್ನು ಕಾಸು ತೆಗೆದುಕೊಳ್ಳದೆ ಮಾಡಿಸಿದ ಆ ತಾಯಿ ಅದೇ ವರ್ಷದ ಕೊನೆಗೆ ತೀರಿಕೊಂಡರು. ಅವರ ಬೆರಳುಗಳಿಗೆ ಗೊತ್ತಿದ್ದದ್ದನ್ನು ಬರೆದಿಟ್ಟಿದ್ದರೆ ಎಷ್ಟು ದೊಡ್ಡ ಪುಸ್ತಕವಾಗುತ್ತಿತ್ತೋ.

ಮುಟ್ಟಿನ ಲೆಕ್ಕದ ಇತಿಹಾಸದಲ್ಲಿ ನಮ್ಮ ರಾಮನಗರಕ್ಕೂ ಒಂದು ಪುಟ ಇದೆ ಎಂದರೆ ನೀವು ನಂಬಲಿಕ್ಕಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಆರೋಗ್ಯ ಮಂತ್ರಿಯಾದ ರಾಜಕುಮಾರಿ ಅಮೃತ ಕೌರ್ ಗಾಂಧೀಜಿಯ ಅನುಯಾಯಿ. ಸಂತಾನ ನಿಯಂತ್ರಣದ ಸಾಧನಗಳು ಅವರಿಗೆ ಒಪ್ಪಿಗೆಯಿರಲಿಲ್ಲ. ಓಗಿನೋ ಮತ್ತು ಕ್ನಾಸ್ ಹೇಳಿದಂತೆ ದಿನ ಎಣಿಸಿ ನಡೆಯುವುದಾದರೆ ಆಗಬಹುದು ಎಂದರು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1950ರ ದಶಕದ ಮೊದಲಲ್ಲಿ ದಿಲ್ಲಿಯ ಲೋದಿ ಕಾಲೊನಿ ಮತ್ತು ಆಗಿನ ಮೈಸೂರು ರಾಜ್ಯದ ರಾಮನಗರದಲ್ಲಿ ಪ್ರಯೋಗ ನಡೆಯಿತು. ಅಮೆರಿಕದ ಡಾಕ್ಟರ್ ಅಬ್ರಹಾಂ ಸ್ಟೋನ್ ಇದಕ್ಕಾಗಿ ಬಂದಿದ್ದರು. ಓದು ಬಾರದ ಹೆಂಗಸರಿಗೆಂದು ಬಣ್ಣದ ಮಣಿಗಳ ಸರ ಮಾಡಿ ಕೊಟ್ಟರು. ದಿನಕ್ಕೊಂದು ಮಣಿ ಸರಿಸುವುದು. ಹಸಿರು ಮಣಿಯ ದಿನ ಭಯವಿಲ್ಲ, ಕೆಂಪು ಮಣಿಯ ದಿನ ಎಚ್ಚರ. ಪ್ರಯೋಗ ಹೆಚ್ಚು ಫಲ ಕೊಡಲಿಲ್ಲ. ಮಣಿ ಎಷ್ಟೇ ಚೆಂದವಿದ್ದರೂ ಹೆಣ್ಣಿನ ಮೈ ಪ್ರತಿ ತಿಂಗಳೂ ಒಂದೇ ತಾಳಕ್ಕೆ ನಡೆಯುವುದಿಲ್ಲವಲ್ಲ.

ಇನ್ನು ಸ್ಕ್ಯಾನಿಂಗ್. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಲೋಹದ ಒಳಗಿನ ಬಿರುಕು ಹುಡುಕಲು ಶಬ್ದದ ಅಲೆಗಳನ್ನು ಬಳಸುತ್ತಿದ್ದರು. ಅದೇ ಉಪಾಯದಿಂದ ಹೊಟ್ಟೆಯೊಳಗನ್ನು ನೋಡಬಹುದೆಂದು ಇಯಾನ್ ಡೊನಾಲ್ಡ್ ಎಂಬ ವೈದ್ಯ 1958ರಲ್ಲಿ ಜಗತ್ತಿಗೆ ತೋರಿಸಿದ. 1973ರಲ್ಲಿ ಅದೇ ಊರಿನ ಹ್ಯೂ ರಾಬಿನ್ಸನ್ ಎಳೆಯ ಭ್ರೂಣವನ್ನು ತಲೆಯಿಂದ ಕುಂಡೆಯವರೆಗೆ ಅಳೆದು ಅದರ ವಯಸ್ಸು ಹೇಳುವುದನ್ನು ಕಂಡುಹಿಡಿದ. ಮೊದಲ ಮೂರು ತಿಂಗಳ ಒಳಗೆ ಮಾಡಿದ ಈ ಅಳತೆ ಐದರಿಂದ ಏಳು ದಿನಗಳ ಅಂತರದಲ್ಲಿ ಸರಿಯಾಗಿರುತ್ತದೆ. ಮುಟ್ಟು ಏರುಪೇರಿದ್ದವರಿಗೆ, ದಿನ ನೆನಪಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಏಳೆಂಟನೆಯ ತಿಂಗಳಲ್ಲಿ ಮೊದಲ ಸಲ ಸ್ಕ್ಯಾನಿಂಗ್ ಮಾಡಿಸಿ ದಿನ ಕೇಳಿದರೆ ಅದು ವಾರಗಟ್ಟಲೆ ತಪ್ಪಬಹುದು. ಅಷ್ಟು ಹೊತ್ತಿಗೆ ಕೆಲವು ಕೂಸು ದಪ್ಪ, ಕೆಲವು ಸಣಕಲು ಆಗಿರುತ್ತವೆ.

ಯಾವ ದಾರಿಯಿಂದ ಹೋದರೂ ಸಿಗುವುದು ಒಂದು ಅಂದಾಜು. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 125 ಹೆಂಗಸರಿಗೆ ಅಂಡ ಬಿಡುಗಡೆಯಾದ ದಿನವನ್ನೇ ಮೂತ್ರ ಪರೀಕ್ಷೆಯಿಂದ ಗೊತ್ತುಮಾಡಿಕೊಂಡು ಎಣಿಸಿದರು. ಅಲ್ಲಿಂದ ಹೆರಿಗೆಗೆ ನಡುವಿನ ಅವಧಿ 268 ದಿನ. ಆದರೆ ತಿಂಗಳು ತುಂಬದ ಹೆರಿಗೆಗಳನ್ನು ಬಿಟ್ಟ ಮೇಲೂ ಒಬ್ಬಳಿಂದ ಒಬ್ಬಳಿಗೆ 37 ದಿನಗಳ ವ್ಯತ್ಯಾಸ! ಡಾಕ್ಟರು ಬರೆದುಕೊಟ್ಟ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ. ನನ್ನ ಮಗಳ ಲೆಕ್ಕ ಹಾಕಿ ನೋಡಿದೆ. ಜುಲೈ 1ರ ಸುಮಾರಿಗೆ ಗರ್ಭ ನಿಂತಿತೆಂದು ಹಿಡಿದರೆ ಮಾರ್ಚ್ 26ಕ್ಕೆ ಸರಿಯಾಗಿ 268 ದಿನ. ಮೂರು ವರ್ಷದ ನಂತರ ಹುಟ್ಟಿದ ಮಗ ಮಾತ್ರ ಎಲ್ಲ ಲೆಕ್ಕವನ್ನೂ ಸುಳ್ಳುಮಾಡಿ ಹತ್ತು ದಿನ ಮೊದಲೇ ಬಂದ.

ಹಾಗಾದರೆ ಈ ಲೆಕ್ಕವೇ ಬೇಡ, ಬಂದಾಗ ಬರಲಿ ಎನ್ನಬಹುದೇ? ಬೇಡಿ. ಇದನ್ನು ಹೇಳಲು ನಾನು ಅವ್ವನ ಇನ್ನೊಂದು ಮಾತನ್ನು ಹೇಳಬೇಕು.

ಮಗಳು ಹುಟ್ಟಿ ಹನ್ನೆರಡು ದಿನವಾಗಿತ್ತು. ಎಣ್ಣೆ ಹಚ್ಚುತ್ತ ಕೂತಿದ್ದ ಅವ್ವನಿಗೆ, "ನೀನು ಅಷ್ಟು ನಂಬಿಗಿಯಿಂದ ಕಾಯೋಣ ಅಂದಿ, ಮತ್ತ ದಿನಾ ಆಸ್ಪತ್ರಿಗೆ ಯಾಕ ಎಳಕೊಂಡು ಹೋದಿ?" ಎಂದು ಕೇಳಿದೆ. ಅವಳು ತಲೆ ಎತ್ತಲಿಲ್ಲ. "ನಿನ್ನಕಿಂತ ಮೊದಲ ಒಂದು ಗಂಡು ಇತ್ತು" ಎಂದಳು. ನನಗೆ ಇಪ್ಪತ್ತಾರು ವರ್ಷ, ಆವರೆಗೆ ಆ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಆಗ ಅವ್ವನಿಗೆ ಹದಿನೇಳು. ಯಾವಾಗ ಹೊರಗಾಗಿದ್ದೆ ಎಂದು ನೆನಪಿರಲಿಲ್ಲ. ಅತ್ತೆಯ ಮುಂದೆ ಹೇಳಲು ನಾಚಿಕೆ, ಎಣಿಸಿದವರು ಯಾರೂ ಇಲ್ಲ. ಒಬ್ಬರು ಇನ್ನೂ ದಿನ ಇದೆ ಎಂದರು, ಇನ್ನೊಬ್ಬರು ಅಮಾವಾಸ್ಯೆ ಕಳೆಯಲಿ ಎಂದರು. ಎರಡು ದಿನ ಕೂಸು ಮಿಸುಕಾಡಲಿಲ್ಲ. ಅದನ್ನೂ ಹೇಳಲು ಅಂಜಿಕೆ. ಹುಟ್ಟಿದಾಗ ಜೀವ ಇರಲಿಲ್ಲ. ಕೂಸಿನ ಉಗುರು ಉದ್ದ ಬೆಳೆದಿದ್ದವು, ಮೈಯ ತೊಗಲು ಒಣಗಿ ಸುಲಿಯುತ್ತಿತ್ತು ಎಂದು ಅವ್ವ ಹೇಳಿದಳು. ದಿನ ಮೀರಿದ ಕೂಸಿನ ಗುರುತುಗಳವು ಎಂದು ನಾನು ಆಮೇಲೆ ಓದಿ ತಿಳಿದೆ. "ಅವತ್ತಿಂದ ನಾನು ಬರಕೋತ ಬಂದೆ" ಎಂದು ಹೇಳಿ ಅವ್ವ ಎದ್ದು ನೀರು ಕಾಯಿಸಲು ಹೋದಳು.

ನಾನು ಅಳಿಸಿಬಿಡೆಂದು ಜಗಳವಾಡಿದ್ದ ಗುರುತುಗಳು ಅಲ್ಲಿಂದ ಬಂದವು.

ಆದ್ದರಿಂದ ಲೆಕ್ಕ ಬೇಕು, ಅದು ಸರಿಯಾದ ಲೆಕ್ಕ ಆಗಿರಬೇಕು. ಮೂವತ್ತೇಳು ವಾರ ತುಂಬುವ ಮೊದಲು ಹುಟ್ಟಿದರೆ ಅವಧಿಗೆ ಮುನ್ನ, ನಲವತ್ತೆರಡು ದಾಟಿದರೆ ಅಪಾಯ ಹೆಚ್ಚು. ನಡುವಿನ ಐದು ವಾರಗಳೂ ದಿನ ತುಂಬಿದ ಕಾಲವೇ. ಈ ಗಡಿಗಳನ್ನು ಹಾಕುವುದು ಮೊದಲ ದಿನದ ಲೆಕ್ಕ ಸರಿಯಾಗಿದ್ದರೆ ಮಾತ್ರ. ಕೂಸಿನ ಓಡಾಟ ಕಡಿಮೆಯಾದರೆ ಯಾವ ಲೆಕ್ಕವನ್ನೂ ನೋಡದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಈಗ ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ದಿನಕ್ಕೂ ಹೆರಿಗೆಯ ನಿರೀಕ್ಷಿತ ದಿನಕ್ಕೂ ಜಾಗವಿದೆ. ಅದನ್ನು ತುಂಬಿಸುವಾಗ "ನನಗೆ ಇಷ್ಟು ದಿನಕ್ಕೊಮ್ಮೆ ಆಗುತ್ತದೆ" ಎಂದು ನೀವೇ ಹೇಳಿ. ಕೇಳಲಿ ಎಂದು ಕಾಯಬೇಡಿ. ನಮ್ಮ ಶಾಲೆಯ ಎಂಟನೆಯ ತರಗತಿಯ ಹುಡುಗಿಯರಿಗೆ ವರ್ಷಕ್ಕೊಮ್ಮೆ ನಾನು ಇತಿಹಾಸದ ಪಾಠ ಬದಿಗಿಟ್ಟು ಇಷ್ಟು ಹೇಳುತ್ತೇನೆ. ದಿನ ಬರೆದಿಡಿ, ಎರಡು ದಿನಗಳ ನಡುವಿನ ಅಂತರವನ್ನೂ ಬರೆದಿಡಿ ಎಂದು. ಕೆಲವರು ನಾಚಿ ತಲೆ ಬಗ್ಗಿಸುತ್ತಾರೆ. ಬರೆಯುವವರೂ ಇದ್ದಾರೆ.

ಕಳೆದ ವರ್ಷ ಮಗಳು ತಾನು ಬಸುರಿ ಎಂದು ಫೋನ್ ಮಾಡಿದಾಗ ನಾನು ಸಂತೋಷದ ಮಾತು ಆಡುವುದಕ್ಕೂ ಮೊದಲು ಕೇಳಿದ್ದು ಒಂದೇ. "ಎಷ್ಟು ದಿನಕ್ಕೊಮ್ಮೆ ಆಗ್ತಿತ್ತು?" ಅವಳು ನಕ್ಕು, "ಅವ್ವಾ, ಅಜ್ಜಿ ಹಂಗ ಕೇಳಾಕತ್ತೀ. ಮೂವತ್ತಮೂರು. ಡಾಕ್ಟರಿಗೆ ಹೇಳೀನಿ" ಎಂದಳು.